ದೇವಯ್ಯನವರ ಸಾಕ್ಷಿ ಶತ್ರುವಿನ ಹತ್ತಿರ ಇತ್ತು



ಮಡಿಕೇರಿಯಿಂದ ಮಾದಾಪುರಕ್ಕೆ ಬಸ್ಸಲ್ಲಿ ಬರೋರೆಲ್ಲ ಒಂದು ಪ್ರತಿಮೆ ನೋಡಿರ್ತೀರಿ. ಹಳೇ ಖಾಸಗಿ ಬಸ್ ನಿಲ್ದಾಣದ ಹತ್ತಿರ, ವಾಯುಪಡೆ ಸಮವಸ್ತ್ರದಲ್ಲಿ ನಿಂತಿರುವ ಒಬ್ಬ ಯುವ ಅಧಿಕಾರಿ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. ಆ ವೃತ್ತಕ್ಕೂ ಅವರದೇ ಹೆಸರು. ಮಾದಾಪುರಕ್ಕೆ ಬಂದು ಸೈನ್ಯದ ಬಗ್ಗೆ ಮಾತಾಡೋದು ಅಂದ್ರೆ ತವರುಮನೆಯವರಿಗೆ ತವರಿನ ದಾರಿ ತೋರಿಸಿದ ಹಾಗೆ. ಇಲ್ಲಿ ಕೂತಿರುವವರಲ್ಲಿ ಎಷ್ಟು ಮನೆಯ ಗೋಡೆ ಮೇಲೆ ಸಮವಸ್ತ್ರದ ಫೋಟೋ ಇದೆ ಅಂತ ಕೇಳಿದರೆ ಅರ್ಧ ಸಭೆ ಕೈ ಎತ್ತುತ್ತೆ. ಹಾಗಾಗಿ ನಾನು ಕೊಡಗಿನ ಶೌರ್ಯದ ಬಗ್ಗೆ ಭಾಷಣ ಮಾಡಲ್ಲ. ಒಂದು ಲೆಕ್ಕದ ಬಗ್ಗೆ ಮಾತಾಡ್ತೀನಿ. 1965ರ ಸೆಪ್ಟೆಂಬರ್ 7ರ ಬೆಳಗ್ಗೆ ಈ ಮನುಷ್ಯ ಮಾಡಿದ ಕೆಲಸಕ್ಕೆ ದೇಶ ಪದಕ ಕೊಟ್ಟಿದ್ದು 1988ರಲ್ಲಿ. ಇಪ್ಪತ್ತಮೂರು ವರ್ಷ ಯಾಕೆ ಬೇಕಾಯ್ತು? ಅಷ್ಟು ವರ್ಷ ಆ ವಿಷಯ ಯಾರ ಹತ್ತಿರ ಇತ್ತು?

ಮೊದಲು ಮನುಷ್ಯನ ಬಗ್ಗೆ. ಹುಟ್ಟಿದ್ದು 1932ರ ಡಿಸೆಂಬರ್ 24. ಅಜ್ಜಮಾಡ ಅನ್ನೋದು ಮನೆತನದ ಹೆಸರು, ದೇವಯ್ಯ ಅವರ ಸ್ವಂತ ಹೆಸರು, ಇದು ನಿಮಗೆ ಗೊತ್ತು, ಟಿವಿಯಲ್ಲಿ ನೋಡೋ ಉತ್ತರ ಕರ್ನಾಟಕದವರಿಗೆ ಹೇಳ್ತಾ ಇದ್ದೀನಿ. 1954ರಲ್ಲಿ ವಾಯುಪಡೆಗೆ ಅಧಿಕಾರಿಯಾಗಿ ಸೇರಿದರು. ಒಳ್ಳೇ ಪೈಲಟ್ ಅಷ್ಟೇ ಅಲ್ಲ, ಪೈಲಟ್‌ಗಳನ್ನು ತಯಾರು ಮಾಡುವ ಬೋಧಕ. ಇದನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಹೊಸಬ ತಪ್ಪು ಮಾಡಿ ವಿಮಾನ ತಲೆಕೆಳಗಾದಾಗ ಅದನ್ನ ಸರಿ ಮಾಡೋ ಕೈ ಬೋಧಕನದು. ವಿಮಾನ ಯಾವ ಹಂತದವರೆಗೂ ಮಾತು ಕೇಳುತ್ತೆ, ಎಲ್ಲಿ ಕೇಳಲ್ಲ ಅನ್ನೋದು ಅವನ ಬೆರಳಿಗೇ ಗೊತ್ತಿರುತ್ತೆ.

1965ರ ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್, ಆದಂಪುರ, ಹಲ್ವಾರಾ ನೆಲೆಗಳ ಮೇಲೆ ಬಿದ್ದವು. ಪಠಾಣ್‌ಕೋಟ್ ಒಂದರಲ್ಲೇ ನೆಲದ ಮೇಲೆ ನಿಂತಿದ್ದ ನಮ್ಮ 10 ವಿಮಾನ ಸುಟ್ಟು ಹೋದವು. ಮರುದಿನ ಬೆಳಗಾಗುವ ಮೊದಲೇ ಉತ್ತರ ಕೊಡಬೇಕು ಅಂತ ತೀರ್ಮಾನ ಆಯ್ತು. ಗುರಿ ಸರ್ಗೋಧಾ. ಪಾಕಿಸ್ತಾನದ ಅತಿ ಮುಖ್ಯ ವಾಯುನೆಲೆ. ಪಂಜಾಬಿನ ಆದಂಪುರದಿಂದ ನೇರ ಗೆರೆ ಎಳೆದರೆ ಸುಮಾರು 300 ಕಿ.ಮೀ. ದೂರ. ಹೋಗಬೇಕಾದವರು ನಂಬರ್ 1 ಸ್ಕ್ವಾಡ್ರನ್, 'ಟೈಗರ್ಸ್' ಅಂತ ಹೆಸರು, ಮುಖ್ಯಸ್ಥರು ವಿಂಗ್ ಕಮಾಂಡರ್ ಓಂಪ್ರಕಾಶ್ ತನೇಜಾ. ವಿಮಾನ ಫ್ರಾನ್ಸಿನ ಮಿಸ್ಟೇರ್. ಹನ್ನೆರಡು ವಿಮಾನಗಳ ಪಟ್ಟಿ ತಯಾರಾಯ್ತು.

ಆ ಹನ್ನೆರಡರಲ್ಲಿ ದೇವಯ್ಯನವರ ಹೆಸರು ಇರಲಿಲ್ಲ!

ಅವರು ಸ್ಟ್ಯಾಂಡ್‌ಬೈ. ಯಾವುದಾದರೂ ವಿಮಾನ ಕೈಕೊಟ್ಟರೆ ಮಾತ್ರ ಆ ಜಾಗಕ್ಕೆ. ಕ್ರಿಕೆಟ್ ಭಾಷೆಯಲ್ಲಿ ಹನ್ನೆರಡನೇ ಆಟಗಾರ ಅನ್ನಬಹುದು, ಆದರೆ ಹನ್ನೆರಡನೇ ಆಟಗಾರ ನೀರಿನ ಬಾಟ್ಲಿ ಕೊಟ್ಟು ವಾಪಸ್ ಬರ್ತಾನೆ. ಆ ಕತ್ತಲಲ್ಲಿ ಒಂದು ಸ್ಥಾನ ಖಾಲಿ ಆಯ್ತು. ದೇವಯ್ಯ ಹೊರಟರು.

ಈಗ ಇದು ಎಂಥ ದಾಳಿ ಅನ್ನೋದು ಅರ್ಥ ಆಗಬೇಕು. ರಾಡಾರ್ ಕಣ್ಣಿಗೆ ಬೀಳಬಾರದು ಅಂತ ಮರದ ತುದಿ ಎತ್ತರದಲ್ಲಿ ಹಾರಾಟ. ರೇಡಿಯೋದಲ್ಲಿ ಮಾತಿಲ್ಲ. ಇನ್ನೂ ಪೂರ್ತಿ ಬೆಳಕಿಲ್ಲ. ನೆಲದ ಹತ್ತಿರ ಹಾರಿದರೆ ಜೆಟ್ ವಿಮಾನ ಇಂಧನ ಕುಡಿಯೋದು ಜಾಸ್ತಿ. ಹೋಗಿ, ಹೊಡೆದು, ತಿರುಗಿ ಬರೋದಕ್ಕೆ ಬೇಕಾದಷ್ಟು ಇದೆ, ಆಟ ಆಡೋಕೆ ಇಲ್ಲ. ಅಂದರೆ ದಾರಿಯಲ್ಲಿ ಯಾರಾದರೂ ಅಡ್ಡ ಬಂದರೆ ಕಾದಾಡೋದಾ, ಬಿಟ್ಟು ಓಡೋದಾ? ಕಾದಾಡಿದರೆ ಇಂಧನ ಮುಗಿಯುತ್ತೆ. ಓಡಿದರೆ ಹಿಂದಿರುವವನ ವಿಮಾನ ನಿನಗಿಂತ ಎರಡು ಪಟ್ಟು ವೇಗ.

ಹಿಂದಿದ್ದದ್ದು ಎಫ್-104 ಸ್ಟಾರ್‌ಫೈಟರ್. ಅಮೆರಿಕದ ವಿಮಾನ. ಶಬ್ದದ ಎರಡು ಪಟ್ಟು ವೇಗ. ಮೂಗಿನಲ್ಲಿ 20 ಮಿ.ಮೀ.ನ ಆರು ನಳಿಕೆಯ ವಲ್ಕನ್ ಫಿರಂಗಿ, ಜೊತೆಗೆ ಎಂಜಿನ್ ಶಾಖ ಹಿಡಿದು ಹೋಗುವ ಸೈಡ್‌ವೈಂಡರ್ ಕ್ಷಿಪಣಿ. ನಮ್ಮ ಮಿಸ್ಟೇರ್ ಗಂಟೆಗೆ ಸುಮಾರು 1,100 ಕಿ.ಮೀ., ಎರಡು 30 ಮಿ.ಮೀ. ಫಿರಂಗಿ, ಶತ್ರು ವಿಮಾನ ಬೆನ್ನಟ್ಟೋ ಕ್ಷಿಪಣಿ ಇಲ್ಲ. ಕಾಗದದ ಮೇಲೆ ಇಟ್ಟು ನೋಡಿದರೆ ಇದು ಮ್ಯಾಚೇ ಅಲ್ಲ. ಆ ಸ್ಟಾರ್‌ಫೈಟರ್‌ನಲ್ಲಿದ್ದವರು ಪಾಕಿಸ್ತಾನ ವಾಯುಪಡೆಯ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ದಾಳಿ ಮುಗಿಸಿ ಪೂರ್ವಕ್ಕೆ ಮರಳುತ್ತಿದ್ದ ಮಿಸ್ಟೇರ್ ಅವರ ಕಣ್ಣಿಗೆ ಬಿತ್ತು. ಕ್ಷಿಪಣಿ ಬಿಟ್ಟರು, ತಗುಲಲಿಲ್ಲ. ಆ ಕಾಲದ ಸೈಡ್‌ವೈಂಡರ್ ನೆಲಕ್ಕೆ ಹತ್ತಿರ ಹಾರುವ ವಿಮಾನದ ಮೇಲೆ ಸರಿಯಾಗಿ ಕೆಲಸ ಮಾಡ್ತಿರಲಿಲ್ಲ. ಆಮೇಲೆ ಫಿರಂಗಿ. ಅದು ತಗುಲಿತು. ಮಿಸ್ಟೇರ್ ಮುಗಿಯಿತು ಅಂದುಕೊಂಡು ಅಮ್ಜದ್ ಹುಸೇನ್ ಬೇರೆ ವಿಮಾನಗಳ ಕಡೆ ತಿರುಗಿದರು.

ಮಿಸ್ಟೇರ್ ಮುಗಿದಿರಲಿಲ್ಲ.

ಏಟು ತಿಂದ ವಿಮಾನ, ದೇಶದ ಗಡಿ ಇನ್ನೂ ದೂರ, ಇಂಧನ ಅಳೆದು ಕೊಟ್ಟಿದ್ದು. ಅಂಥ ಸ್ಥಿತಿಯಲ್ಲಿ ದೇವಯ್ಯ ಓಡಲಿಲ್ಲ, ತಿರುಗಿ ಸ್ಟಾರ್‌ಫೈಟರ್ ಜೊತೆ ಕಾದಾಟಕ್ಕೆ ಇಳಿದರು. ಇಲ್ಲಿ ನನ್ನೊಳಗಿನ ಮೆಕ್ಯಾನಿಕಲ್ ಎಂಜಿನಿಯರ್‌ಗೆ ಎರಡು ನಿಮಿಷ ಕೊಡಿ. ಚಾನೆಲ್‌ಗೆ ಬಂದ ಮೇಲೆ ಆ ಪದವಿ ಕೆಲಸಕ್ಕೆ ಬರೋದು ಇಂಥ ಕಡೆ ಮಾತ್ರ.

ನೀವು ಈಗ ಮಡಿಕೇರಿಯಿಂದ ಮಕ್ಕಂದೂರು, ಹಟ್ಟಿಹೊಳೆ ದಾಟಿ ಬಂದ್ರಲ್ಲ, ಎಷ್ಟು ತಿರುವು? ನಮ್ಮ ಸರ್ಕಾರಿ ಬಸ್ ಡ್ರೈವರಣ್ಣ ಪ್ರತಿ ತಿರುವಿಗೂ ಯಾಕೆ ನಿಧಾನ ಮಾಡ್ತಾರೆ? ವೇಗ ಎರಡು ಪಟ್ಟು ಆದರೆ, ಅದೇ ಬಲದಲ್ಲಿ ತಿರುಗೋದಕ್ಕೆ ಬೇಕಾದ ಜಾಗ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಆಗುತ್ತೆ. ಆಕಾಶದಲ್ಲೂ ಅದೇ ಲೆಕ್ಕ. ಗುರುತ್ವದ ನಾಲ್ಕು ಪಟ್ಟು ಬಲ ಹಾಕಿ ತಿರುಗುವ ವಿಮಾನ ಗಂಟೆಗೆ 700 ಕಿ.ಮೀ. ವೇಗದಲ್ಲಿದ್ದರೆ ಅದರ ತಿರುವಿನ ತ್ರಿಜ್ಯ ಸುಮಾರು 1 ಕಿ.ಮೀ. ಗಂಟೆಗೆ 1,000 ಕಿ.ಮೀ. ವೇಗದಲ್ಲಿದ್ದರೆ ಸುಮಾರು 2 ಕಿ.ಮೀ. ಕಾಲೇಜಿನ ಮಕ್ಕಳು ಮನೆಗೆ ಹೋಗಿ ಕಾಗದದ ಮೇಲೆ ಮಾಡಿ ನೋಡಿ, ಪಿಯುಸಿ ಭೌತಶಾಸ್ತ್ರ ಸಾಕು.

ಇನ್ನೊಂದು ವಿಷಯ ರೆಕ್ಕೆ. ಮಿಸ್ಟೇರ್ ರೆಕ್ಕೆಯ ವಿಸ್ತೀರ್ಣ ಸುಮಾರು 32 ಚದರ ಮೀಟರ್. ಸ್ಟಾರ್‌ಫೈಟರ್‌ದು ಸುಮಾರು 18. ಗಾಳಿಯನ್ನು ಸೀಳಿಕೊಂಡು ನೇರ ಓಡೋಕೆ ಅಂತಲೇ ಕತ್ತಿ ಅಲಗಿನ ಥರ ಸಣ್ಣ ರೆಕ್ಕೆ ಇಟ್ಟು ಮಾಡಿದ ವಿಮಾನ ಅದು. ನೇರ ಓಟದಲ್ಲಿ ಅದನ್ನ ಹಿಡಿಯೋರಿಲ್ಲ. ಆದರೆ ಕೆಳಗಡೆ, ನಿಧಾನದಲ್ಲಿ, ಸುತ್ತು ಹೊಡೆಯೋ ಕಾದಾಟಕ್ಕೆ ಇಳಿದರೆ ಅದರ ಅನುಕೂಲ ಎಲ್ಲ ಹೋಗುತ್ತೆ. ಅಮ್ಜದ್ ಹುಸೇನ್ ಆ ಕಾದಾಟಕ್ಕೆ ಇಳಿದರು. ಬೋಧಕನಾಗಿದ್ದ ದೇವಯ್ಯನವರಿಗೆ ತನ್ನ ವಿಮಾನ ಎಲ್ಲಿಯವರೆಗೆ ಬಾಗುತ್ತೆ ಅಂತ ಗೊತ್ತಿತ್ತು. ಮಿಸ್ಟೇರ್‌ನ 30 ಮಿ.ಮೀ. ಗುಂಡುಗಳು ಸ್ಟಾರ್‌ಫೈಟರ್‌ಗೆ ಬಡಿದವು. ಅಮ್ಜದ್ ಹುಸೇನ್ ಪ್ಯಾರಾಚೂಟ್‌ನಲ್ಲಿ ಹಾರಿ ಪಾರಾದರು. ಶಬ್ದದ ವೇಗ ದಾಟಲು ಒದ್ದಾಡುವ ಒಂದು ವಿಮಾನ ಶಬ್ದದ ಎರಡು ಪಟ್ಟು ಓಡುವ ವಿಮಾನವನ್ನು ನೆಲಕ್ಕೆ ಹಾಕಿತು.

ದೇವಯ್ಯ ಮಾತ್ರ ಹೊರಬರಲಿಲ್ಲ. ಅವರ ವಿಮಾನ ಸರ್ಗೋಧಾದ ಪೂರ್ವಕ್ಕೆ, ಪಾಕಿಸ್ತಾನದ ನೆಲದಲ್ಲೇ ಬಿತ್ತು. ಆಗ ಅವರಿಗೆ 32 ವರ್ಷ. ಅಲ್ಲಿನ ಹಳ್ಳಿಯವರು ದೇಹವನ್ನು ಹೊಲದಲ್ಲಿ ಮಣ್ಣು ಮಾಡಿದರು.

ಇತ್ತ ಆದಂಪುರದಲ್ಲಿ ಏನಾಯ್ತು? ವಿಮಾನಗಳು ಒಂದೊಂದಾಗಿ ಇಳಿದವು. ಒಂದು ಬರಲಿಲ್ಲ. ಎಲ್ಲಿ ಹೋಯ್ತು, ಏನಾಯ್ತು, ನೋಡಿದವರು ಒಬ್ಬರೂ ಇಲ್ಲ. ಸುತ್ತು ಬೆಳಕಿಲ್ಲ, ರೇಡಿಯೋ ಮೌನ, ಪ್ರತಿಯೊಬ್ಬರೂ ನೆಲಕ್ಕೆ ಅಂಟಿಕೊಂಡು ಮನೆ ಕಡೆ ಓಡ್ತಾ ಇದ್ದಾರೆ. ಹಾಗಾಗಿ ದಾಖಲೆಯಲ್ಲಿ ಬಂದ ಪದ ಒಂದೇ: 'ನಾಪತ್ತೆ'.

ಈ ಪದದ ಭಾರ ನಿಮಗೆ ಹೇಳಬೇಕಾ? ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ನಾಡು ಇದು. ನಾಪತ್ತೆ ಅಂತ ಸುದ್ದಿ ಬಂದರೆ ಎಷ್ಟು ಗುಂಡು? ಅವರ ಪತ್ನಿ ಸುಂದರಿ ದೇವಯ್ಯ ಇಬ್ಬರು ಸಣ್ಣ ಹೆಣ್ಣುಮಕ್ಕಳನ್ನು ಇಟ್ಟುಕೊಂಡು ಆ ಪದದ ಜೊತೆ ಬದುಕಬೇಕಾಯ್ತು.

ಈಗ ನಾನು ಶುರುವಿನಲ್ಲಿ ಹೇಳಿದ ಲೆಕ್ಕಕ್ಕೆ ಬರ್ತೀನಿ. ಅದಕ್ಕೆ ಒಂದು ಸಲ ಜರ್ಮನಿಗೆ ಹೋಗಿ ಬರಬೇಕು.

ಎರಡನೇ ಮಹಾಯುದ್ಧದಲ್ಲಿ ಎರಿಕ್ ಹಾರ್ಟ್‌ಮನ್ ಅಂತ ಒಬ್ಬ ಜರ್ಮನ್ ಪೈಲಟ್. ಯುದ್ಧ ಮುಗಿಯುವಾಗ ವಯಸ್ಸು 23. ಅವನ ಹೆಸರಿನಲ್ಲಿ ಇರುವ ಗೆಲುವು 352. ಜಗತ್ತಿನ ಯಾವ ಪೈಲಟ್‌ಗೂ ಅಷ್ಟಿಲ್ಲ. ಹಿಟ್ಲರನ ಸೈನ್ಯಕ್ಕೆ ಹೊಡೆದಾಡಿದವನು, ಅವನನ್ನ ಪೂಜೆ ಮಾಡಿ ಅಂತ ನಾನು ಹೇಳ್ತಿಲ್ಲ. ಆ ಸಂಖ್ಯೆ ಬಗ್ಗೆ ರಷ್ಯನ್ನರ ತಕರಾರೂ ಇದೆ. ನನಗೆ ಬೇಕಾಗಿರೋದು ಆ ಲೆಕ್ಕ ಬರೆದ ರೀತಿ. ಜರ್ಮನ್ ವಾಯುಪಡೆಯಲ್ಲಿ ಪೈಲಟ್ ಬಂದು ವರದಿ ಬರೆಯಬೇಕು, ಜೊತೆಗಿದ್ದವನು ನೋಡಿದ್ದೇನೆ ಅಂತ ಸಾಕ್ಷಿ ಹೇಳಬೇಕು, ಮೇಲಿನವರು ಮುದ್ರೆ ಒತ್ತಬೇಕು. ಹಾರ್ಟ್‌ಮನ್ 1,400ಕ್ಕೂ ಹೆಚ್ಚು ಸಲ ಯುದ್ಧಕ್ಕೆ ಹಾರಿದ. ತೀರಾ ಹತ್ತಿರಕ್ಕೆ ಹೋಗಿ ಹೊಡೆಯೋದು ಅವನ ಪದ್ಧತಿ, ಎಷ್ಟು ಹತ್ತಿರ ಅಂದರೆ ಎದುರಾಳಿ ವಿಮಾನದ ಚೂರು ಬಡಿದೇ ಅವನ ವಿಮಾನ ಹಲವು ಸಲ ನೆಲ ಕಂಡಿದೆ. ಆದರೂ ಪ್ರತಿ ಸಲ ಜೀವಂತ ಬಂದ. ಬಂದು ಬರೆದ. ಬರೆದದ್ದು ಕಡತ ಸೇರಿತು.

ಈ ಹಾರ್ಟ್‌ಮನ್‌ಗೂ ನಮ್ಮ ಕಥೆಗೂ ಇನ್ನೊಂದು ನಂಟಿದೆ. ಹತ್ತು ವರ್ಷ ರಷ್ಯಾದ ಸೆರೆಯಲ್ಲಿದ್ದು ವಾಪಸ್ ಬಂದವನು ಪಶ್ಚಿಮ ಜರ್ಮನಿಯ ಹೊಸ ವಾಯುಪಡೆ ಸೇರಿದ. ಆಗ ಸರ್ಕಾರ ಕೊಳ್ಳಲು ಹೊರಟಿದ್ದು ಯಾವ ವಿಮಾನ? ಇದೇ ಸ್ಟಾರ್‌ಫೈಟರ್! ಬೇಡ, ಈ ವಿಮಾನಕ್ಕೆ ನಮ್ಮವರು ಇನ್ನೂ ತಯಾರಿಲ್ಲ ಅಂತ ವಿರೋಧಿಸಿದ. ಯಾರೂ ಕೇಳಲಿಲ್ಲ. ಜರ್ಮನಿ ತಗೊಂಡಿದ್ದು 916, ಅಪಘಾತದಲ್ಲಿ ಕಳಕೊಂಡಿದ್ದು 292, ಸತ್ತ ಪೈಲಟ್‌ಗಳು 116. ಅದೂ ಯುದ್ಧವೇ ಇಲ್ಲದ ಕಾಲದಲ್ಲಿ. ಅಲ್ಲಿನ ಜನ ಅದಕ್ಕೆ ವಿಧವೆಯರನ್ನು ಮಾಡುವ ವಿಮಾನ ಅಂತಲೇ ಹೆಸರಿಟ್ಟರು. ಹಾರ್ಟ್‌ಮನ್‌ನನ್ನು 1970ರಲ್ಲಿ ಅವಧಿಗೆ ಮೊದಲೇ ಮನೆಗೆ ಕಳಿಸಿದರು. ಅವನು ಕಾಗದದ ಮೇಲೆ ಸೋತ ವಿಮಾನದ ಮುಂದೆ ನಮ್ಮ ದೇವಯ್ಯ ಆಕಾಶದಲ್ಲಿ ಗೆದ್ದಿದ್ದರು, ಆದರೆ ಬರೆಯೋಕೆ ಅವರು ವಾಪಸ್ ಬರಲಿಲ್ಲ.

ಅದೇ ಸೆಪ್ಟೆಂಬರ್ 7ರಂದು ಅದೇ ಸರ್ಗೋಧಾದ ಆಕಾಶದಲ್ಲಿ ಇನ್ನೊಂದು ಘಟನೆ ನಡೀತು. ಪಾಕಿಸ್ತಾನದ ಪೈಲಟ್ ಎಂ.ಎಂ. ಆಲಂ, ಒಂದೇ ನಿಮಿಷದ ಒಳಗೆ ಭಾರತದ ಐದು ಹಂಟರ್ ವಿಮಾನ ಹೊಡೆದೆ ಅಂತ ಹೇಳಿದರು. ಭಾರತದ ದಾಖಲೆ ಆ ಸಂಖ್ಯೆಯನ್ನು ಒಪ್ಪಲ್ಲ. ಆದರೆ ಆಲಂ ಬದುಕಿದ್ದರು, ಹೇಳಿದರು, ಅವರ ದೇಶ ಅವರನ್ನು ತಲೆ ಮೇಲೆ ಹೊತ್ತು ಮೆರೆಸಿತು. ಐದು ಹೊಡೆದೆ ಅಂದವರ ಹೆಸರು ಪಾಕಿಸ್ತಾನದ ಮಕ್ಕಳಿಗೆ ಮರುದಿನವೇ ಗೊತ್ತು. ಒಂದು ಹೊಡೆದವರ ಹೆಸರು ನಮಗೆ ಗೊತ್ತಾಗಲಿಲ್ಲ.

ಹಾಗಾದರೆ ಗೊತ್ತಾಗಿದ್ದು ಯಾವಾಗ? 1979ರಲ್ಲಿ. ಹೇಳಿದವರು ಯಾರು? ದೆಹಲಿಯ ಯಾವ ಇಲಾಖೆಯೂ ಅಲ್ಲ. ಬ್ರಿಟನ್ನಿನ ಜಾನ್ ಫ್ರಿಕರ್ ಅನ್ನುವ ಬರಹಗಾರ. 1965ರ ವಾಯುಯುದ್ಧದ ಬಗ್ಗೆ, ಪಾಕಿಸ್ತಾನದ ಕಡೆಯಿಂದ ಮಾಹಿತಿ ಪಡೆದು ಒಂದು ಪುಸ್ತಕ ಬರೆದರು, 'ಬ್ಯಾಟಲ್ ಫಾರ್ ಪಾಕಿಸ್ತಾನ್' ಅಂತ. ಅದು ಪಾಕಿಸ್ತಾನವನ್ನು ಹೊಗಳಲು ಹೊರಟ ಪುಸ್ತಕ. ಅದರಲ್ಲೇ, ಒಂದು ಮಿಸ್ಟೇರ್ ಜೊತೆಗಿನ ಕಾದಾಟದಲ್ಲಿ ಸ್ಟಾರ್‌ಫೈಟರ್ ಬಿದ್ದ ಕಥೆ ಹೊರಬಂತು. ಪಾಕಿಸ್ತಾನದಲ್ಲಿ ಅದಕ್ಕೆ ಮೊದಲು ಕೊಡುತ್ತಿದ್ದ ವಿವರಣೆ ಬೇರೆ, ಸ್ಫೋಟಗೊಂಡ ಭಾರತೀಯ ವಿಮಾನದ ಚೂರು ಬಡಿದು ಅಮ್ಜದ್ ಹುಸೇನ್ ವಿಮಾನ ಬಿತ್ತು ಅನ್ನೋದು.

ಇದನ್ನು ನಮ್ಮ ಕಡೆ ತಿಳಿದವರು ಒಂದು ಸರಳ ಪ್ರಶ್ನೆ ಕೇಳಿಕೊಂಡರು. ಆ ಬೆಳಗಿನ ದಾಳಿಗೆ ಹೋದ ಮಿಸ್ಟೇರ್‌ಗಳಲ್ಲಿ ವಾಪಸ್ ಬರದೇ ಇದ್ದದ್ದು ಎಷ್ಟು? ಒಂದು. ಅದರಲ್ಲಿದ್ದವರು ಯಾರು? ದೇವಯ್ಯ. ವಾಪಸ್ ಬಂದವರಲ್ಲಿ ಸ್ಟಾರ್‌ಫೈಟರ್ ಹೊಡೆದೆ ಅಂದವರು ಯಾರೂ ಇಲ್ಲ. ಹಾಗಾದರೆ ಹೊಡೆದದ್ದು ಯಾರು? ಮುಗೀತು. ಇಷ್ಟೇ ಲೆಕ್ಕ. ಎಂಟನೇ ಕ್ಲಾಸಿನ ಹುಡುಗ ಮಾಡುವ ವ್ಯವಕಲನ. ಇದಕ್ಕೆ ಗುಪ್ತಚರರು ಬೇಕಿರಲಿಲ್ಲ, ಎರಡು ಕಡೆಯ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು ನೋಡುವ ಒಬ್ಬ ಮನುಷ್ಯ ಬೇಕಿತ್ತು.

ಇನ್ನೂ ಒಂದು ಸಂಗತಿ ಹೇಳ್ತೀನಿ, ಇದು ನನಗೆ ತುಂಬಾ ಚುಚ್ಚುತ್ತೆ. 1971ರ ಡಿಸೆಂಬರ್ ಯುದ್ಧದಲ್ಲಿ ಅಮೃತಸರದ ರಾಡಾರ್ ಕೇಂದ್ರದ ಮೇಲೆ ದಾಳಿಗೆ ಬಂದ ಒಂದು ಸ್ಟಾರ್‌ಫೈಟರನ್ನು ನಮ್ಮ ನೆಲದ ಫಿರಂಗಿಗಳು ಉರುಳಿಸಿದವು. ಪೈಲಟ್ ಹಾರಿ ಬದುಕಿದ, ಸೆರೆ ಸಿಕ್ಕ. ಆ ಪೈಲಟ್ ಅದೇ ಅಮ್ಜದ್ ಹುಸೇನ್, ಅಷ್ಟೊತ್ತಿಗೆ ವಿಂಗ್ ಕಮಾಂಡರ್. ಅಂದರೆ ದೇವಯ್ಯನವರ ಕೊನೆಯ ನಿಮಿಷಗಳನ್ನು ಕಣ್ಣಾರೆ ಕಂಡ ಜಗತ್ತಿನ ಏಕೈಕ ಪೈಲಟ್ ನಮ್ಮದೇ ಸೆರೆಯಲ್ಲಿ ಕೂತಿದ್ದರು. ಪದಕ ಬಂದದ್ದು ಅದಾಗಿ ಮತ್ತೆ 16 ವರ್ಷಕ್ಕೆ.

ಫ್ರಿಕರ್ ಪುಸ್ತಕ ಬಂದ ಮೇಲೂ ತಕ್ಷಣ ಏನೂ ಆಗಲಿಲ್ಲ. ದೇವಯ್ಯನವರ ಕಮಾಂಡರ್ ಆಗಿದ್ದ ತನೇಜಾ ಅವರು ಸುಮ್ಮನೆ ಕೂರಲಿಲ್ಲ, ಸರ್ಕಾರಕ್ಕೆ ಬರೆದರು, ನನ್ನ ಹುಡುಗನಿಗೆ ನ್ಯಾಯ ಸಿಕ್ಕಿಲ್ಲ ಅನ್ನೋದು ಅವರ ವಾದ. ಕೊನೆಗೆ 1988ರಲ್ಲಿ ಮಹಾವೀರ ಚಕ್ರ ಘೋಷಣೆ ಆಯ್ತು. ಪರಮವೀರ ಚಕ್ರದ ನಂತರ ಯುದ್ಧಭೂಮಿಯ ಶೌರ್ಯಕ್ಕೆ ಸಿಗುವ ಅತಿ ದೊಡ್ಡ ಗೌರವ. ಸುಂದರಿ ದೇವಯ್ಯ ಸ್ವೀಕರಿಸಿದರು. ಪುಸ್ತಕದಿಂದ ಪದಕಕ್ಕೆ ಒಂಬತ್ತು ವರ್ಷ. ಅಷ್ಟರಲ್ಲಿ ಮನೆಯಲ್ಲಿ ಮಕ್ಕಳು ಬೆಳೆದು ದೊಡ್ಡವರಾಗಿದ್ದರು.

ಸರ್ಕಾರವನ್ನು ಬಯ್ಯೋದು ನಮ್ಮ ಚಾನೆಲ್‌ನವರಿಗೆ ಸುಲಭದ ಕೆಲಸ, ಅದನ್ನ ರಾತ್ರಿ 9ಕ್ಕೆ ಮಾಡ್ತೀವಿ. ಇಲ್ಲಿ ಒಂದು ನ್ಯಾಯದ ಮಾತು ಹೇಳಬೇಕು. ನೋಡಿದವರಿಲ್ಲದ ಕಡೆ ಪದಕ ಕೊಡಬಾರದು ಅನ್ನೋ ನಿಯಮ ತಪ್ಪಲ್ಲ. ಆ ನಿಯಮ ಸಡಿಲ ಮಾಡಿದರೆ ಒಂದು ನಿಮಿಷಕ್ಕೆ ಐದು ವಿಮಾನದ ಕಥೆಗಳು ನಮ್ಮಲ್ಲೂ ಹುಟ್ಟುತ್ತವೆ. ನನ್ನ ತಕರಾರು ನಿಯಮದ ಮೇಲಲ್ಲ, ಹುಡುಕದೇ ಇದ್ದದ್ದರ ಮೇಲೆ. 1965ರ ಯುದ್ಧದ ಅಧಿಕೃತ ಇತಿಹಾಸವನ್ನು ನಮ್ಮ ರಕ್ಷಣಾ ಸಚಿವಾಲಯ ಸಿದ್ಧಪಡಿಸಿದ್ದು 1992ರಲ್ಲಿ. ಯುದ್ಧ ಮುಗಿದು 27 ವರ್ಷಕ್ಕೆ! ಆಮೇಲೂ ಅದು ಬಹಳ ಕಾಲ ಕಪಾಟಿನಲ್ಲೇ ಇತ್ತು. ತನ್ನ ಯುದ್ಧದ ಕಥೆಯನ್ನು ತಾನು ಬರೆಯದ ದೇಶ, ತನ್ನ ಹುಡುಗ ಏನು ಮಾಡಿದ ಅಂತ ಬ್ರಿಟಿಷ್ ಬರಹಗಾರನ ಪುಸ್ತಕದಿಂದ ತಿಳಿದುಕೊಳ್ಳಬೇಕಾಯ್ತು. 2021ರ ಜೂನ್‌ನಲ್ಲಿ ಹೊಸ ನೀತಿ ಬಂದಿದೆ. ಯಾವುದೇ ಯುದ್ಧ ಮುಗಿದ 2 ವರ್ಷದೊಳಗೆ ಸಮಿತಿ, ನಂತರದ 3 ವರ್ಷದಲ್ಲಿ ಇತಿಹಾಸ ಬರೆದು ಮುಗಿಸಬೇಕು, 25 ವರ್ಷಕ್ಕೆ ಸಾಮಾನ್ಯವಾಗಿ ದಾಖಲೆ ಬಹಿರಂಗ ಮಾಡಬೇಕು. ಓದೋಕೆ ಚೆನ್ನಾಗಿದೆ. ಪಾಲಿಸ್ತಾರಾ ಅನ್ನೋದನ್ನ ಕೇಳ್ತಾ ಇರಬೇಕಾದವರು ಸೈನಿಕರನ್ನು ಕಳಿಸೋ ಊರಿನವರು, ಅಂದರೆ ನೀವು.

ಸಿನಿಮಾ ಬಗ್ಗೆ ಕೇಳೇ ಕೇಳ್ತೀರಿ, ಅದನ್ನೂ ಹೇಳಿಬಿಡ್ತೀನಿ. 2025ರ ಜನವರಿಯಲ್ಲಿ 'ಸ್ಕೈ ಫೋರ್ಸ್' ಅಂತ ಹಿಂದಿ ಸಿನಿಮಾ ಬಂತು. ಅಕ್ಷಯ್ ಕುಮಾರ್ ಇದ್ದಾರೆ, ದೇವಯ್ಯನವರನ್ನು ಆಧರಿಸಿದ ಪಾತ್ರ ವೀರ್ ಪಹಾರಿಯಾ ಮಾಡಿದ್ದಾರೆ. ಪಾತ್ರದ ಹೆಸರು ಮಾತ್ರ ಟಿ. ವಿಜಯ. ಅಜ್ಜಮಾಡವೂ ಇಲ್ಲ, ಬೋಪಯ್ಯನೂ ಇಲ್ಲ. ಕಥೆ ದೇಶಕ್ಕೆ ಮುಟ್ಟಿತು, ಸಂತೋಷ. ಆದರೆ ಹೆಸರು ಸಿಗಲಿ ಅಂತ 23 ವರ್ಷ ಕಾದವರ ಹೆಸರನ್ನೇ ಬದಲಿಸಿದ್ದು ನನಗಂತೂ ಸರಿ ಕಾಣಲಿಲ್ಲ. ಸಿನಿಮಾದವರಿಗೆ ಅವರದೇ ಕಾರಣ ಇರಬಹುದು, ಇರಲಿ.

ಮಡಿಕೇರಿಯ ಪ್ರತಿಮೆ ನಿಂತದ್ದು 2020ರ ಸೆಪ್ಟೆಂಬರ್ 7ರಂದು, ಅವರು ಹೊರಟು ಸರಿಯಾಗಿ 55 ವರ್ಷಕ್ಕೆ. ಅದನ್ನು ಮಾಡಿಸಿದ್ದು ದೆಹಲಿ ಅಲ್ಲ, ಇಲ್ಲಿನ ಜನ, ಅವರ ಹೆಸರಿನ ಟ್ರಸ್ಟ್, ಕೊಡವ ಮಕ್ಕಡ ಕೂಟ. ಅದಕ್ಕೆ ನನ್ನದೊಂದು ಕೋರಿಕೆ ಇದೆ. ನಿಮ್ಮ ಮನೆಗಳಲ್ಲಿ ಇನ್ನೂ 1962, 1965, 1971ರ ಕಾಗದಗಳು ಇವೆ. ಗಡಿಯಿಂದ ಬರೆದ ಪತ್ರ, ತಂತಿ, ಹಾರಾಟದ ದಿನಚರಿ, ಗುಂಪು ಫೋಟೋ. ಅಟ್ಟದ ಮೇಲೆ ಟ್ರಂಕ್‌ನಲ್ಲಿ ಇವೆ, ಈ ಮಳೆಗೆ ಹಾಳಾಗ್ತಾ ಇವೆ. 2018ರ ಮಳೆಯಲ್ಲಿ ಇದೇ ಮಾದಾಪುರದ ಸುತ್ತ ಗುಡ್ಡ ಜಾರಿದಾಗ ಮನೆ ಜೊತೆ ಇಂಥ ಎಷ್ಟು ಟ್ರಂಕ್ ಹೋದವೋ. ಆ ಕಾಗದಗಳನ್ನ ತೆಗೆಯಿರಿ. ಮೊಬೈಲ್ ಇದೆಯಲ್ಲ, ಫೋಟೋ ಹೊಡೀರಿ. ಹಿಂಭಾಗದಲ್ಲಿ ಯಾರು, ಯಾವ ವರ್ಷ, ಯಾವ ಊರು ಅಂತ ಬರೆದಿಡಿ. ಗೊತ್ತಿರುವ ಅಜ್ಜ, ತಾಯಿ ಇರುವಾಗಲೇ ಕೇಳಿ ಬರೆದಿಡಿ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ 'ಸನ್ನಿ ಸೈಡ್' ಈಗ ವಸ್ತುಸಂಗ್ರಹಾಲಯ ಆಗಿದೆ, ಒಂದು ಪ್ರತಿ ಅಲ್ಲಿಗೂ ತೋರಿಸಿ.

ಈಗ ಪ್ರಶ್ನೆ ಕೇಳೋರು ಕೇಳಬಹುದು. ಸೋಮವಾರಪೇಟೆ ಕಡೆ ಹೋಗೋ ಕೊನೇ ಬಸ್ ಹಿಡಿಯೋರು ಮೊದಲು ಕೇಳಿ.